ಕ್ಯಾಮೆರಾ ಒಪ್ಪದ ಹಣೆ

"ಫೋನ್‌ನಾಗೆ ಓದಿ ಯಾರ್ಲೇ ಪಾಸಾಗೋದು?" ಎಂದಿದ್ದು ನಮ್ಮ ದೊಡ್ಡಪ್ಪ. ಮನೆಯಲ್ಲಿ ಮೊದಲ ಪದವಿ ನನ್ನದು. ಆದರೆ ಧರ್ಮಪುರಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಗಲು ಮೂರು ತಿಂಗಳ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟೂ ಬೇಕಿತ್ತು.

ಪರೀಕ್ಷೆಯೂ ಫೋನಿನಲ್ಲೇ. ಆ ದಿನ ಅವ್ವ ನನ್ನ ಹಣೆ ತುಂಬ ವಿಭೂತಿ ಬಳಿದಳು. ಫೋನಿನ ಕ್ಯಾಮೆರಾ ನನ್ನ ಮುಖವನ್ನು ಗುರುತಿನ ಚೀಟಿಯ ಫೋಟೋಗೆ ಹೋಲಿಸಿ ಎರಡು ಸಲ ತಿರಸ್ಕರಿಸಿತು. ಇನ್ನೊಂದೇ ಅವಕಾಶ ಉಳಿದಿತ್ತು.

"ಒರಸ್ಕಳ್ಲಾ ಅವ್ವ?" ಎಂದು ಅಂಜುತ್ತಲೇ ಕೇಳಿದೆ.

"ಸಾಮಿ ಕೋಪ ಮಾಡ್ಕಳಲ್ಲ ಬುಡು, ಕೋಪ ಈ ಫೋನ್ಗೇ" ಎಂದು ಅವಳೇ ಸೆರಗಿನಿಂದ ಒರೆಸಿದಳು. ಮೂರನೇ ಸಲ ಕ್ಯಾಮೆರಾ ಒಪ್ಪಿತು, ಪ್ರಶ್ನೆಪತ್ರಿಕೆ ತೆರೆದುಕೊಂಡಿತು.

ಪಾಸಾದೆ. ಪ್ರಿಂಟ್ ತೆಗೆಸಿದ ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗಿಟ್ಟೆ. ಅವರು ಅದನ್ನು ಮೇಲಿನಿಂದ ಕೆಳಗೆ ನೋಡಿ, "ಇಂಗ್ಲೀಷ್ ನಂಗೆ ತೆರಿಯಾದು, ಓದಕ್ಕೆ ಬರಾಕಿಲ್ಲ. ಪಾಸು ಅಂತ ಎಲ್ಲೈತೆ, ಬೆರಳಿಟ್ಟು ತೋರ್ಸವ್ವಾ" ಎಂದರು.