ಕಿಟಕಿಯಲ್ಲಿ ಕಂಡಷ್ಟೇ ಅಂಕಣ

ನಂಜಯ್ಯಮಾವನನ್ನು ನೆನೆದರೆ ನನ್ನ ಕಣ್ಣಿಗೆ ಕಟ್ಟುವುದು ಸೊಂಟದಿಂದ ಮೇಲಿನ ಮನುಷ್ಯ ಮಾತ್ರ. ಉಳಿದರ್ಧ ಯಾವಾಗಲೂ ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ. ಕೊಳ್ಳೇಗಾಲದ ಆ ಇಕ್ಕಟ್ಟಿನ ಕೋಣೆಯಲ್ಲಿ ಸಂಜೆಯಾದರೆ ಅಷ್ಟೂ ಜನ ಸೇರುತ್ತಿದ್ದೆವು: ಮಗ್ಗದಲ್ಲಿ ಮಾವ, ಮೂಲೆಯಲ್ಲಿ ನೂಲು ಸುತ್ತುವ ಗೌರತ್ತೆ, ಆಕೆಗೆ ಆತುಕೊಂಡ ಪುಟ್ಟ ಮಗಳು ರತ್ನ, ಗೋಡೆಗಂಟಿ ಕುಕ್ಕರುಗಾಲಲ್ಲಿ ಕೂತ ನಾವು ಕಬಡ್ಡಿ ಆಡುವ ಹುಡುಗರು. ನಮಗೆ ಆಟ ಕಲಿಸುತ್ತಿದ್ದವರು ಈ ಮಾವನೇ.

ಹರೆಯದಲ್ಲಿ ಅವರು ಒಳ್ಳೆಯ ಆಟಗಾರರಾಗಿದ್ದರಂತೆ. ತಮ್ಮ ಅಪ್ಪ ತೀರಿಕೊಂಡ ಮೇಲೆ ಗುಂಡಿಗಿಳಿದವರು ಹತ್ತಲಿಲ್ಲ. ಒಂದು ಸೀರೆಗೆ ಒಂದೇ ಕೈ ಎನ್ನುವುದು ಆ ಮನೆಯ ಕಟ್ಟುನಿಟ್ಟು. ನಡುವೆ ಬೇರೆಯವರು ಕೂತರೆ ಬಡಿತದ ಬಿಗಿ ಬದಲಾಗಿ ಸೀರೆಗೆ ಅಡ್ಡಗೆರೆ ಬೀಳುತ್ತದೆ. ಒಂದು ಮುಗಿಯುವುದರೊಳಗೆ ಇನ್ನೊಂದು ಸೀರೆ ಕಾದಿರುತ್ತಿತ್ತು. ಬಯಲಿಗೆ ಬನ್ನಿ ಮಾವ ಎಂದರೆ, “ಕಾಲ್ನ ಇಲ್ಲಿ ಊತಾಕವ್ರೆ ಕಣ್ರುಲಾ” ಎಂದು ನಗುತ್ತಿದ್ದರು. ನಗು ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ.

ಮನೆಯೆದುರಿನ ಬಯಲಲ್ಲೇ ನಮ್ಮ ಅಂಕಣ. ಮಗ್ಗದ ಪಕ್ಕದ ಕಿಟಕಿಯಲ್ಲಿ ಅದರ ಅರ್ಧ ಮಾತ್ರ ಕಾಣುತ್ತಿತ್ತು. ಇನ್ನರ್ಧಕ್ಕೆ ಗೋಡೆ ಅಡ್ಡ. ಅದಕ್ಕೇ ಅವರದೊಂದು ಪದ್ಧತಿ. ಆಟ ಮುಗಿದ ಮೇಲೆ ಕಾಣದ ಕಡೆ ನಡೆದದ್ದನ್ನೆಲ್ಲ ನಾವು ಹೇಳಬೇಕು. ಆದರೆ ಯಾರೂ ತನ್ನ ಆಟ ಹೇಳಕೂಡದು, ಇನ್ನೊಬ್ಬನದನ್ನೇ ಹೇಳಬೇಕು.

ನಮ್ಮ ಕ್ಯಾಪ್ಟನ್ ಬಸವ ಗಾಳಿಯಂಥ ಆಟಗಾರ. ಒಂದು ಸಂಜೆ ಮಾವ ಅವನನ್ನು, ಬಲಮೂಲೆಯಲ್ಲಿ ಇವನು ಏನು ಮಾಡಿದ ಎಂದು ನನ್ನನ್ನು ತೋರಿಸಿ ಕೇಳಿದರು. ಬಸವ ತಲೆ ಕೆರೆದುಕೊಂಡ, ನೋಡಲಿಲ್ಲ ಎಂದ. ಮಾವನ ಕೈಯ ಲಾಳಿ ನಿಂತಿತು.

“ನಾನ್ ನೋಡ್ಲಿಲ್ಲ ಅಂದ್ರೆ ಗ್ವಾಡೆ ಅಡ್ಡ ಅದೆ. ನಿಂಗೇನ್ಲಾ ಅಡ್ಡ?”

ಆಮೇಲೆ ಹನೂರಿನಲ್ಲಿ ಯಳಂದೂರಿನವರ ಮೇಲೆ ನಮ್ಮ ಪಂದ್ಯ ಬಿತ್ತು. ಮಾವ ನಮ್ಮ ಪಂದ್ಯವನ್ನು ಒಂದು ಸಲವೂ ಕಂಡವರಲ್ಲ. ಆ ವಾರವೆಲ್ಲ ಬಸ್ಸಿನ ಹೊತ್ತು ಕೇಳುವುದು, ಮಗ್ಗ ನೋಡುವುದು, ಮತ್ತೆ ನೇಯುವುದು. ಮಗ್ಗದ ಮೇಲಿದ್ದದ್ದು ಯಾರದೋ ಧಾರೆ ಸೀರೆ, ಪಂದ್ಯದ ಮಾರನೆಯ ಬೆಳಿಗ್ಗೆ ಅಂಗಡಿ ಸೇರಬೇಕು. ಹೊರಡುವ ದಿನ ಹೇಳಿಹೋಗಲು ಬಂದ ನಮ್ಮೆದುರೇ ಗೌರತ್ತೆ ನೂಲು ಕೆಳಗಿಟ್ಟರು.

“ಏಳಿ ಮ್ಯಾಕೆ. ನಾನ್ ಕೂತ್ಕತೀನಿ.”

“ಗೆರೆ ಬೀಳ್ತದೆ ಕಣಮ್ಮಿ.”

“ಬಿದ್ರೆ ಸೀರೆಗ್ತಾನೆ ಬೀಳದು? ಓಗ್ಬನ್ನಿ.”

ಹನೂರಿನ ಮೈದಾನದಲ್ಲಿ ಮಾವ ಕಕ್ಕಾಬಿಕ್ಕಿಯಾಗಿ ನಿಂತಿದ್ದರು. “ಎಲ್ಲಾ ಒಂದೇ ಸಲ ಕಾಣ್ತದಲ್ಲಪ್ಪಾ, ಯಾವ ಕಡೆ ನೋಡ್ಲಿ?” ಎಂದು ಪಕ್ಕದವರನ್ನು ಕೇಳಿದರಂತೆ. ನಾವು ಸೋತೆವು. ಹಿಂದಿರುಗುವ ಬಸ್ಸು ಕಾಮಗೆರೆ ದಾಟಿದ ಮೇಲೆ ಮಾವ, ತಾವೇ ಕಣ್ಣಾರೆ ಕಂಡಿದ್ದರೂ, ಆ ಕಡೆ ಏನಾಯ್ತು ಹೇಳು ಎಂದು ಬಸವನನ್ನು ಕೇಳಿದರು. ಬಸವ ಹೇಳಿದ. ನಾನು ಮೂಲೆಯಲ್ಲಿ ಹಿಡಿದ ಕಾಲು, ಒಬ್ಬೊಬ್ಬನೂ ಎಲ್ಲಿ ಎಡವಿದ, ಎಲ್ಲಿ ತಡೆದ, ಒಂದನ್ನೂ ಬಿಡಲಿಲ್ಲ. ತನ್ನದು ಮಾತ್ರ ಒಂದಕ್ಷರವಿಲ್ಲ. ಇಳಿಯುವಾಗ ಮಾವ ಅವನ ಹೆಗಲ ಮೇಲೆ ಕೈಯೂರಿ ಇಳಿದರು.

ಸೀರೆಗೆ ಗೆರೆ ಬಿದ್ದಿತ್ತು. ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ವಾಪಸು ಕಳಿಸಿದರು. ಗೌರತ್ತೆ ಅದನ್ನು ಮಡಿಸಿ ಪೆಟ್ಟಿಗೆಗಿಟ್ಟರು. ಮಾವ ಮತ್ತೆ ಗುಂಡಿಗಿಳಿದರು. ಮುಂದೆ ಯಾವ ಊರಿನ ಪಂದ್ಯಕ್ಕೂ ಬರಲಿಲ್ಲ. ಕೊನೆಯ ಸಲ ನಾನು ಕಂಡಾಗಲೂ ಕಿಟಕಿಯತ್ತ ಕತ್ತು ಚಾಚಿಕೊಂಡೇ ನೇಯುತ್ತಿದ್ದರು.

ಅವರು ತೀರಿಕೊಂಡ ಮರುವರ್ಷ ರತ್ನಳ ಮದುವೆಯಾಯಿತು. ನಾನೂ ಬಸವನೂ ಅಕ್ಷತೆ ಹಾಕಲು ಹತ್ತಿರ ಹೋದಾಗ ಅವಳು ಸೆರಗನ್ನು ಬೆಳಕಿಗೆ ಹಿಡಿದು, ಅಡ್ಡ ಹಾದ ಸಣ್ಣ ಗೆರೆಯ ಮೇಲೆ ಬೆರಳಿಟ್ಟಳು.

“ಇಲ್ಲಿಗಂಟ ಅಪ್ಪ ನೇಯ್ದಿದ್ದು ಕಣಣ್ಣ. ಆಕಡೆ ಅವ್ವ.”