ಬಿರುಕಮ್ಮ

ಆ ಊರಿನ ಕೆಳಗೆ ಇನ್ನೊಂದು ಊರಿತ್ತು; ಅದರ ಕೆಳಗೆ ಅದಕ್ಕೂ ಹಳೆಯದೊಂದು. ಪ್ರತಿ ತಲೆಮಾರೂ ಹಿಂದಿನವರ ಗೋಡೆಯ ಮೇಲೆಯೇ ತನ್ನ ಗೋಡೆ ಎಬ್ಬಿಸಿತ್ತು. ಮುಚ್ಚಿಹೋದ ಕಾಲುವೆ, ನೆಲಮಾಳಿಗೆಗಳು ಎಲ್ಲೆಲ್ಲಿವೆಯೆಂದು ಬಲ್ಲವರು ಯಾರೂ ಉಳಿದಿರಲಿಲ್ಲ. ನೆಲ ಕುಸಿದಲ್ಲೆಲ್ಲ ಮನೆಗಳು ಬಿರಿಯುತ್ತಿದ್ದವು. ಆ ಬಿರುಕುಗಳನ್ನು ಕಾಯಲು ಪುರಸಭೆ ಒಬ್ಬಳನ್ನು ನೇಮಿಸಿತ್ತು. ಬೀದಿಯವರು ಅವಳನ್ನು ಬಿರುಕಮ್ಮ ಎನ್ನುತ್ತಿದ್ದರು.

ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿಯಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತುವುದು, ವಾರಕ್ಕೊಮ್ಮೆ ಹೋಗಿ ನೋಡುವುದು ಅವಳ ಕೆಲಸ. ಗಾಜು ಒಡೆದಿದ್ದರೆ ಗೋಡೆ ಕದಲಿದೆಯೆಂದು ಅರ್ಥ. ಮನೆ ಖಾಲಿ ಮಾಡಿಸಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಒಡೆದ ಗಾಜು ಕಂಡೂ ನಾಳೆ ಹೇಳಿದರಾಯಿತೆಂದು ಸುಮ್ಮನಾಗಿದ್ದಳು. ಆ ಸಂಜೆಯೇ ಗಡಿಯಾರ ರಿಪೇರಿಯವನ ಅಂಗಡಿ ಕುಸಿದು ಅವನ ಕಾಲು ಹೋಯಿತು. ಹತ್ತೊಂಬತ್ತು ವರ್ಷ ಕಳೆದರೂ ಯಾವ ಹೊಸ್ತಿಲು ದಾಟುವಾಗಲೂ ಅವಳ ಎದೆ ಡವಗುಟ್ಟುತ್ತದೆ.

ಆ ಸೋಮವಾರ ಬೆಳಿಗ್ಗೆ ಅಕ್ಕನ ಮನೆಯ ಸರದಿ. ಗಂಡ ತೀರಿಕೊಂಡ ಮೇಲೆ ಅಕ್ಕ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬಿರುಕೂ ಅದೇ ಕೋಣೆಯಲ್ಲಿತ್ತು. ಗಾಜಿನ ಪಟ್ಟಿ ನೆಟ್ಟಗಿತ್ತು. ನೆಮ್ಮದಿಯ ಉಸಿರುಬಿಟ್ಟು ತಿರುಗಿದವಳಿಗೆ ಭಾವನ ಫೋಟೋ ಕಂಡಿತು. ಅದಕ್ಕೆ ಗಾಜಿರಲಿಲ್ಲ.

ಅವಳು ಪಟ್ಟಿಯ ಸಿಮೆಂಟನ್ನು ಉಗುರಿನಿಂದ ಒತ್ತಿದಳು. ಇನ್ನೂ ಹಸಿ. ಅವಳು ಹಾಕಿದ ಪಟ್ಟಿ ಅದಲ್ಲ.

"ಅಕ್ಕಾ, ಎಷ್ಟು ಸಲ ಒಡೀತು?"

"ಈ ವಾರ ಮೂರು." ಅಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. "ಬದುಕಿದ್ದಾಗ ಈ ಮನೆಗೆ ಒಂದು ಮೊಳೆ ಹೊಡೆದವರಲ್ಲ ನಿನ್ ಭಾವ. ಈಗಲಾದ್ರೂ ಗೋಡೆ ಹಿಡ್ಕೊಳ್ಳಲಿ ಅಂತ ಅವರ ಗಾಜೇ ಹಾಕ್ದೆ."

"ತಮಾಷೆ ಸಾಕು. ಏಳು, ಈಗ್ಲೇ ಹೊರಡು."

"ನಿನಗೆ ಬೆಕ್ಕು ಸೀನಿದ್ರೂ ಭೂಕಂಪ. ನಮ್ಮತ್ತೆ ಬಾಯನ್ನೇ ತಡ್ಕೊಂಡ ಗೋಡೆ ಕಣೇ ಇದು! ನಿಮ್ಮ ಪುರಸಭೆಯೋರು ಒಂದು ಸಲ ಬೀಗ ಜಡಿದ್ರೆ ಮತ್ತೆ ತೆಗೀತಾರಾ? ಈ ವಯಸ್ಸಲ್ಲಿ ಯಾರ ಮನೆ ಮೂಲೇಲಿ ಕೂತ್ಕೊಳ್ಳಲಿ ನಾನು?"

ಗೋಡೆಯೊಳಗೆ ಮಣ್ಣು ಸುರಿಯತೊಡಗಿತು. ಯಾರೋ ಪಿಸುಗುಟ್ಟಿದಂತೆ ಸದ್ದು ಬಹಳ ಹೊತ್ತು ಇಳಿಯುತ್ತಲೇ ಇತ್ತು. ಬಾಗಿಲು ನಾಲ್ಕೇ ಹೆಜ್ಜೆ. ಆದರೂ ಬಿರುಕಮ್ಮ ಬಿರುಕಿನ ಕೆಳಗೇ ಹೋಗಿ, ಗೋಡೆಗೆ ಬೆನ್ನುಕೊಟ್ಟು ಕುಳಿತಳು.

"ಏನೇ ಇದು?"

"ನೀನು ಏಳೋವರೆಗೂ ನಾನೂ ಏಳಲ್ಲ."

ಹಲ್ಲು ಕಟಕಟಿಸುತ್ತಿದ್ದುದರಿಂದ ಮಾತು ತುಂಡುತುಂಡಾಗಿ ಬಂತು. ಭುಜದ ಮೇಲೆ ಸುಣ್ಣದ ಹಕ್ಕಳೆ ಉದುರಿದಾಗ ಅವಳು ಕಣ್ಣು ಮುಚ್ಚಿಕೊಂಡಳೇ ಹೊರತು ಕದಲಲಿಲ್ಲ. ತಂಗಿ ಹುಟ್ಟಿದಾಗಿನಿಂದ ಅವಳ ಪುಕ್ಕಲುತನವನ್ನು ಅಕ್ಕ ಬಲ್ಲಳು. ಆ ಪುಕ್ಕಲು ಹೀಗೆ ಪಟ್ಟು ಹಿಡಿದು ಕೂತದ್ದನ್ನು ಎಂದೂ ಕಂಡಿರಲಿಲ್ಲ. ಅವಳ ಕೈಯ ಸೂಜಿ ನಿಂತಿತು.

"ಎದ್ದೇಳೇ ತಾಯಿ! ನಿನ್ ನಡುಕಕ್ಕೇ ಬಿದ್ದೋಗುತ್ತೆ ಗೋಡೆ. ಆದ್ರೆ ಮಿಷನ್ ಬಿಟ್ಟು ನಾನು ಬರಲ್ಲ, ಹಿಡ್ಕೋ ಆ ಕಡೆ."

ಇಬ್ಬರೂ ಹೊಲಿಗೆ ಯಂತ್ರವನ್ನು ಎತ್ತಿ, ಹೊಸ್ತಿಲಿಗೆ ಎರಡು ಸಲ ತಾಗಿಸಿ, ಬೀದಿಗಿಳಿದರು.

ಮಧ್ಯಾಹ್ನ ಬೀಗ ಬಿತ್ತು. ಇದು ಮೂರನೆಯ ವಾರ, ಮನೆ ಬಿದ್ದಿಲ್ಲ. ಒಂದೇ ಕೋಣೆಯ ತಂಗಿಯ ಮನೆಯಲ್ಲಿ ಅಕ್ಕ ದಿನವೂ ಕೇಳುತ್ತಾಳೆ: "ಬಿತ್ತೇನೇ?"

"ಇಲ್ಲ."

"ನೋಡಿದ್ಯಾ!"

ಬಿರುಕಮ್ಮ ಆ ಮನೆಯ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಅಕ್ಕನ ಕೈಗೆ ಸಿಕ್ಕೀತೆಂದು ಮಲಗುವಾಗಲೂ ಅದನ್ನು ತೆಗೆಯುವುದಿಲ್ಲ.