ದೇರಣ್ಣ ಒರೆಸಿದ ಧೂಳು

ಬೆಳಿಗ್ಗೆ ಆರೂಕಾಲು. ಕಲ್ಲುಗುಂಡಿಯಲ್ಲಿ ಮಡಿಕೇರಿ ರಸ್ತೆಗೆ ಮುಖ ಮಾಡಿದ ತಗಡಿನ ಶೆಡ್ಡು. ಅದರ ಮುಂದೆ ನಿಂತ ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ಟಿನ ಮೇಲೆ ಬಗ್ಗಿಕೊಂಡು ದೇರಣ್ಣ ನೂಲು ಅಂಟಿಸುತ್ತಿದ್ದಾರೆ. ಬೆರಳುದ್ದದ ಬಿಳಿ ನೂಲು. ಒಂದು ತುದಿಗೆ ಟೇಪು, ಇನ್ನೊಂದು ತುದಿ ಸಡಿಲ. ಐದು ಸಾಲು, ಸಾಲಿಗೆ ಎಂಟು. ದೂರದಿಂದ ನೋಡಿದರೆ ಕಾರಿಗೆ ನರೆ ಬಂದಂತೆ ಕಾಣುತ್ತದೆ.

"ಗಾಳಿ ಕಾಣುದಿಲ್ಲ ಅಲ್ವಾ ಮಗಾ, ನೂಲು ಕಾಣ್ತದೆ. ಅದು ಯಾವ ಕಡೆ ಮಲಗ್ತದೆ, ಗಾಳಿ ಆ ಕಡೆ ಹೋಗ್ತದೆ. ಅಷ್ಟೇ ವಿದ್ಯೆ," ಎನ್ನುತ್ತಾರೆ ನನಗೆ ಬೆನ್ನು ಹಾಕಿಕೊಂಡೇ. ಮಾತಾಡುವಾಗ ಮುಖ ನೋಡುವುದು ಅವರಿಗೆ ಕಷ್ಟ. ನನಗೂ ಕಷ್ಟವೇ. ಹಾಗಾಗಿ ಅವರ ಬಗ್ಗೆ ಬರೆಯಲೆಂದು ಬಂದ ಮೊದಲ ಭೇಟಿಯಲ್ಲಿ ಇಬ್ಬರೂ ರೇಡಿಯೇಟರನ್ನೇ ನೋಡುತ್ತಾ ಎರಡು ಗಂಟೆ ಮಾತಾಡಿದ್ದೆವು.

ಐವತ್ತೊಂಬತ್ತರ ದೇರಣ್ಣ ಚಿಕ್ಕಂದಿನಲ್ಲಿ ರಬ್ಬರ್ ಹೊಗೆಗೂಡು ಕಟ್ಟುವ ಅಪ್ಪನ ಜೊತೆ ಊರೂರು ಸುತ್ತಿದವರು. ರಬ್ಬರ್ ಶೀಟುಗಳನ್ನು ತೂಗುಹಾಕಿ ಹೊಗೆಯಲ್ಲಿ ಒಣಗಿಸುವ ಆ ಗೂಡಿಗೆ ಕೆಳಗಿನಿಂದ ಗಾಳಿ ಬರಬೇಕು, ಎಲ್ಲಕ್ಕಿಂತ ಎತ್ತರದ ಕಿಂಡಿಯಿಂದ ಹೊರಗೆ ಹೋಗಬೇಕು. ಆಮೇಲೆ ಅವರು ಕಲಿತದ್ದು ರೇಡಿಯೇಟರ್ ಬೆಸುಗೆ. ಘಟ್ಟ ಹತ್ತುವ ಲಾರಿಗಳು ಕುದಿಯುತ್ತಿದ್ದ ಕಾಲದಲ್ಲಿ ಬೇಸಿಗೆಯ ದಿನಕ್ಕೆ ಏಳೆಂಟು ರೇಡಿಯೇಟರ್ ಬರುತ್ತಿದ್ದವು. ಈಗ ವಾರಕ್ಕೆ ಎರಡು. ತಾಮ್ರದವು ಹೋಗಿ ಪ್ಲಾಸ್ಟಿಕ್ಕಿನವು ಬಂದಿವೆ. ಸೋರಿದರೆ ಬಿಸಾಡಿ ಹೊಸದು ಹಾಕುತ್ತಾರೆ.

ಹೊಟ್ಟೆಪಾಡಿಗೆ ಈಗ ಆಧಾರ ಓಟದ ಕಾರುಗಳು. ಸುಳ್ಯ, ಪುತ್ತೂರು, ಕಡಬದ ಹುಡುಗರು ಮಣ್ಣಿನ ಓಟಕ್ಕೆಂದು ಕಾರಿಗೆ ಶಕ್ತಿ ಹೆಚ್ಚಿಸುವ ಟರ್ಬೊ ಕೂರಿಸುತ್ತಾರೆ. ಎಂಜಿನ್ ತಯಾರು ಮಾಡಿದವನ ಹೆಸರು ಕಾರಿನ ಮೈಮೇಲೆ ಸ್ಟಿಕ್ಕರ್ ಆಗುತ್ತದೆ. ರೇಡಿಯೇಟರಿನ ಸುತ್ತಲಿನ ಸಂದು ಮುಚ್ಚಿ, ಸೈಲೆನ್ಸರ್ ಪೈಪಿಗೆ ಬಿಸಿ ತಡೆಯುವ ಬಟ್ಟೆ ಸುತ್ತಿ, ತಗಡು ಬಗ್ಗಿಸಿ ಗಾಳಿಗೆ ದಾರಿ ಮಾಡುವವರ ಹೆಸರು ಎಲ್ಲೂ ಇರುವುದಿಲ್ಲ. ಒಂದು ಕಾರಿಗೆ ನಾಲ್ಕು ದಿನದ ಕೆಲಸ. ಎರಡೂ ಮುಂಗೈ ತುಂಬ ಸುಟ್ಟ ಕಲೆ.

"ಶಕ್ತಿ ಹೆಚ್ಚು ಅಂದ್ರೆ ಬಿಸಿ ಹೆಚ್ಚು. ಶಕ್ತಿ ನೋಡ್ಲಿಕ್ಕೆ ಊರೆಲ್ಲ ಉಂಟು. ಬಿಸಿಗೆ ನಾನೊಬ್ಬ," ಎಂದು ಅವತ್ತು ನಕ್ಕಿದ್ದರು.

ಕೆಂಪು ಕಾರಿನ ಸುದ್ದಿ ತೆಗೆದಾಗ ಮಾತ್ರ ಎದ್ದುಹೋಗಿ ಕೈ ತೊಳೆದುಕೊಂಡು ಬಂದಿದ್ದರು. ಕೈ ಸ್ವಚ್ಛವಾಗಿಯೇ ಇತ್ತು.

ಕಾರು ಆಲಂಕಾರಿನ ಭವಿತಾ ಮತ್ತು ಅವಳ ತಮ್ಮ ಲತೀಶ್‌ನದು. ಕಳೆದ ವರ್ಷ ಕೋಡಿಂಬಾಳದ ಗುಡ್ಡದ ಓಟದಲ್ಲಿ ಓಡಿಸಿದ್ದು ಭವಿತಾ. ಮೂರು ಸುತ್ತಿನವರೆಗೆ ಎಲ್ಲರಿಗಿಂತ ಮುಂದಿದ್ದಳು. ನಾಲ್ಕನೆಯದರಲ್ಲಿ ಬಾನೆಟ್ಟಿನಿಂದ ಆವಿ ಎದ್ದು ಎಂಜಿನ್ ಹೋಯಿತು. "ಓಡಿದಷ್ಟೂ ಬಿಸಿ ಏರ್ತಾ ಹೋಯ್ತು" ಎಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ಓಡಿದರೆ ಗಾಳಿ ಬಡಿದು ತಣಿಯಬೇಕಲ್ಲ? ಹುಡುಗಿ ಬಿಸಿಯ ಮೀಟರ್ ನೋಡಲಿಲ್ಲ ಎಂದು ಜನ ತೀರ್ಮಾನಿಸಿದರು. ಬೇಲಿಯ ಪಕ್ಕ ನಿಂತಿದ್ದ ನಾನೂ ತಲೆಯಾಡಿಸಿದ್ದೆ. ಆ ದಿನದ ನನ್ನ ಡೈರಿಯಲ್ಲಿ ಅದೇ ವಾಕ್ಯ ಇದೆ, ಹೊಡೆದುಹಾಕಿಲ್ಲ. ಈ ಭಾನುವಾರ ಮತ್ತೆ ಅಲ್ಲೇ ಓಟ. ಮನೆಯವರು ಸ್ಟೇರಿಂಗ್ ಕೊಟ್ಟಿರುವುದು ಲತೀಶ್‌ನಿಗೆ.

ಆರೂವರೆಗೆ ಇಬ್ಬರೂ ಬೈಕಿನಲ್ಲಿ ಬಂದು ಇಳಿಯುತ್ತಾರೆ. ಬಾನೆಟ್ಟಿನ ಹಿಂಭಾಗದಲ್ಲಿ, ಮುಂದಿನ ಗಾಜಿನ ಬುಡಕ್ಕೆ, ಬಿಸಿ ಗಾಳಿ ಹೊರಗೆ ಹೋಗಲೆಂದು ಕೊರೆದಿದ್ದ ಹಳೆಯ ಕಿಂಡಿಗೆ ತಗಡು ಮುಚ್ಚಿದೆ. ಹೊಸ ಕಿಂಡಿ ಮುಂದೆ, ರೇಡಿಯೇಟರಿನ ಸ್ವಲ್ಪ ಹಿಂದೆ.

"ಹಳೆಯದಕ್ಕೆ ಎಂತ ಆಗಿತ್ತು ದೇರಣ್ಣ? ಒಳ್ಳೆ ಚಂದ ಇತ್ತಲ್ಲ ಮಾರಾಯ್ರೆ," ಲತೀಶ್ ಬೆರಳಲ್ಲಿ ಕೀಲಿ ತಿರುಗಿಸುತ್ತಾ ಕೇಳುತ್ತಾನೆ. "ಇವಳು ಮೀಟರ್ ಒಂದು ನೋಡಿದ್ರೆ ಸಾಕಿತ್ತು. ಕನ್ನಡಿಯಲ್ಲಿ ಮುಖ ನೋಡ್ಕೊಳ್ತಾ ಇದ್ಲೋ ಎಂತದೋ."

"ನಿನ್ನ ಮುಖ ಕಂಡಿರ್ಬೇಕು, ಅದಕ್ಕೇ ಎಂಜಿನ್ ಹೋದದ್ದು," ಎನ್ನುತ್ತಾಳೆ ಭವಿತಾ. ಆದರೆ ನಗುವುದಿಲ್ಲ.

ದೇರಣ್ಣನ ಕೈಯಲ್ಲಿದ್ದ ಟೇಪಿನ ಸುರುಳಿ ಸುತ್ತುವುದು ನಿಲ್ಲುತ್ತದೆ. ಸ್ಕ್ರೂಡ್ರೈವರ್ ತಂದು ಹಳೆಯ ಕಿಂಡಿಯ ತಗಡು ಬಿಚ್ಚುತ್ತಾರೆ. ಆ ತಗಡನ್ನು ಹೊಸ ಕಿಂಡಿಯ ಮೇಲಿಟ್ಟು ಅಂಚಿಗೆಲ್ಲ ಟೇಪು ಹಚ್ಚುತ್ತಾರೆ. ಹಳೆಯ ಕಿಂಡಿಯ ಬಾಯಿಯ ಸುತ್ತ ಆರು ನೂಲು ಅಂಟಿಸುತ್ತಾರೆ.

"ಕಳೆದ ವರ್ಷ ಇದ್ದ ಹಾಗೆ ಮಾಡಿದ್ದೇನೆ. ಸೇತುವೆವರೆಗೆ ಹೋಗಿ ಬನ್ನಿ. ಭವಿತಾ, ನೀನು ಪಕ್ಕದಲ್ಲಿ ಕೂತು ನೂಲಿನದು ವಿಡಿಯೊ ತೆಗಿ."

ಕಾರು ಹೋದ ಮೇಲೆ ಅವರು ಬೆಂಚಿನ ಮೇಲೆ ಕೂರುತ್ತಾರೆ. ರಸ್ತೆ ನೋಡುತ್ತಲೇ ಅವರು ಹೇಳುತ್ತಾರೆ: "ಅವತ್ತು ಓಟ ಮುಗಿದ ಮೇಲೆ ಬಾನೆಟ್ ಮೊದಲು ತೆಗೆದದ್ದು ನಾನು. ಆ ಕಿಂಡಿ ಕೆಳಗೆ, ಎಂಜಿನ್ ಮೇಲೆ ಕೆಂಪು ಧೂಳು ಕೂತಿತ್ತು. ಗಾಳಿ ಹೊರಗೆ ಹೋಗುವ ಜಾಗದಲ್ಲಿ ಧೂಳು ಒಳಗೆ ಹೇಗೆ ಬರ್ತದೆ? ನಂಗೆ ಅಲ್ಲೇ ಗೊತ್ತಾಯ್ತು. ಹೆಗಲ ಮೇಲೆ ಬೈರಾಸು ಇತ್ತು. ಒರೆಸಿಬಿಟ್ಟೆ ಮಗಾ. ಯಾರೂ ಬರುವ ಮೊದಲು."

ಹತ್ತು ನಿಮಿಷದಲ್ಲಿ ಕಾರು ವಾಪಸು ಬರುತ್ತದೆ. ಭವಿತಾ ಫೋನು ಹಿಡಿದುಕೊಂಡೇ ಇಳಿಯುತ್ತಾಳೆ. ನಾಲ್ವರೂ ಬಗ್ಗಿ ನೋಡುತ್ತೇವೆ. ಕಾರು ನಿಧಾನ ಇರುವಾಗ ನೂಲುಗಳು ಸುಮ್ಮನೆ ಅಲುಗುತ್ತವೆ. ವೇಗ ಏರಿದ ಹಾಗೆ ಕಿಂಡಿಯ ಸುತ್ತಲಿನ ಆರೂ ನೂಲು ತಿರುಗಿ, ಒಂದೊಂದಾಗಿ ಕಿಂಡಿಯ ಒಳಗೆ ಹೋಗಿ ಅಲ್ಲೇ ನಿಲ್ಲುತ್ತವೆ.

"ಇದೆಂತ, ಒಳಗೆ ಎಳೀತಾ ಉಂಟು!" ಲತೀಶ್ ಹೇಳುತ್ತಾನೆ.

"ಎದುರಿನ ಗಾಳಿ ಗಾಜಿಗೆ ಹೊಡೆದು ಅದರ ಬುಡದಲ್ಲಿ ಒತ್ತಿ ನಿಲ್ತದೆ. ಕಿಂಡಿ ಸಿಕ್ಕಿದ್ರೆ ಒಳಗೇ ನುಗ್ತದೆ. ಒಳಗಿನ ಬಿಸಿಗೆ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ. ಓಡಿದಷ್ಟೂ ಹೆಚ್ಚು." ದೇರಣ್ಣ ಈಗ ಭವಿತಾಳ ಮುಖವನ್ನೇ ನೋಡುತ್ತಿದ್ದಾರೆ. "ಬಿಸಿ ಮೇಲೆ ಹೋಗ್ತದೆ ಅಂತ ಎತ್ತರದ ಜಾಗ ಹುಡುಕಿ ಕೊರೆದದ್ದು ನಾನು. ಹೊಗೆಗೂಡಿಗೆ ಕೊರೆದ ಹಾಗೆ. ಗೂಡು ನಿಂತಲ್ಲೇ ನಿಂತಿರ್ತದೆ, ಕಾರು ಓಡ್ತದೆ, ಅಷ್ಟು ನಂಗೆ ಹೊಳೀಲಿಲ್ಲ. ನೀನು ಅವತ್ತು ಹೇಳಿದ್ದು ಸರಿ. ಧೂಳು ನೋಡಿ ನಂಗೆ ಗೊತ್ತಾಗಿತ್ತು. ಒರೆಸಿ ಸುಮ್ಮನೆ ಕೂತೆ."

ಭವಿತಾ ವಿಡಿಯೊವನ್ನು ಇನ್ನೊಮ್ಮೆ ನೋಡುತ್ತಾಳೆ. ಮತ್ತೊಮ್ಮೆ.

"ಒಂದು ವರ್ಷ ದೇರಣ್ಣ," ಎನ್ನುತ್ತಾಳೆ. "ನಮ್ಮ ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳ್ತಾ ಇದ್ರು. ನಂಗೇ ಅನುಮಾನ ಬಂದಿತ್ತು, ನಾನು ನಿಜವಾಗಿ ಮೀಟರ್ ನೋಡಿದ್ದೆನಾ ಅಂತ."

ಲತೀಶ್ ಕೀಲಿಯನ್ನು ಎರಡು ಸಲ ಅಂಗೈ ಬದಲಿಸಿ, ಅಕ್ಕನತ್ತ ನೋಡದೆ ಬಾನೆಟ್ಟಿನ ಮೇಲಿಡುತ್ತಾನೆ. "ಭಾನುವಾರ ನೀನೇ ಓಡ್ಸು. ಅಪ್ಪನಿಗೆ ಈ ವಿಡಿಯೊ ನಾನು ತೋರಿಸ್ತೇನೆ."

ಕೀಲಿ ಎತ್ತಿಕೊಂಡ ಭವಿತಾ, ದೇರಣ್ಣನಿಗೆ ಪರವಾಗಿಲ್ಲ ಎನ್ನುವುದಿಲ್ಲ. "ಹಿಂದಿನದು ಮುಚ್ಚಿ, ಮುಂದಿನದು ತೆಗೀರಿ. ಒಂದು ಸುತ್ತು ಹೋಗಿ ಬರ್ತೇನೆ," ಎಂದಷ್ಟೇ ಹೇಳುತ್ತಾಳೆ.

ದೇರಣ್ಣ ತಗಡು ಕೂರಿಸುತ್ತಾರೆ. ಒಂದೊಂದು ತಿರುಪನ್ನೂ ಬಿಗಿ ಮಾಡಿ, ಮತ್ತೆ ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಸುತ್ತು ಮುಗಿಸಿ ಬರುವ ಕಾರು ತಿರುವು ದಾಟುವಾಗ ಹೊಸ ಕಿಂಡಿಯ ಹತ್ತಿರದ ನೂಲುಗಳೆಲ್ಲ ನೆಟ್ಟಗೆ ಮೇಲಕ್ಕೆ ಏಳುವುದು ಶೆಡ್ಡಿನಿಂದಲೇ ಕಾಣುತ್ತದೆ.

ನಾನು ಕ್ಯಾಮೆರಾ ತೆಗೆದರೆ ದೇರಣ್ಣ ಕೈ ಅಡ್ಡ ಹಿಡಿಯುತ್ತಾರೆ. "ನನ್ನ ಫೋಟೊ ಎಂತಕ್ಕೆ? ಅವಳದ್ದು ಹಾಕು." ಬರೆಯುವುದರಲ್ಲಿ ಮತ್ತೇನಾದರೂ ಸೇರಿಸಬೇಕಾ ಎಂದು ಕೇಳುತ್ತೇನೆ. ಅವರು ಬೈರಾಸನ್ನು ಹೆಗಲಿನಿಂದ ತೆಗೆದು ಮಡಚಿ ಬೆಂಚಿನ ಮೇಲಿಡುತ್ತಾರೆ.

"ಕಿಂಡಿ ತಪ್ಪು ಕೊರೆದದ್ದು ಬರಿ. ಅದಕ್ಕೆ ನಂಗೆ ಅಷ್ಟು ನಾಚಿಕೆ ಇಲ್ಲ, ಕೆಲಸ ಮಾಡುವವನಿಗೆ ತಪ್ಪುದು ಉಂಟು. ಆದ್ರೆ ಧೂಳು ಒರೆಸಿದ್ದು ಉಂಟಲ್ಲ, ಅದನ್ನು ಬಿಡ್ಬೇಡ. ಅದನ್ನೂ ಬರಿ."